ನಾಲ್ಕು ಮೂಲೆಯ ಅರಿಶಿನ

ನ್ಯಾಮತಿ
3 ಡಿಸೆಂಬರ್ 2024

ಸುಚಿ,

ಮೇಲೆ ‘ಕ್ಷೇಮ’ ಎಂದು ಬರೆಯಲು ಹೋಗಿ ಪೆನ್ನು ಎತ್ತಿಬಿಟ್ಟೆ. ಹಾಸ್ಟೆಲ್ ಬಿಟ್ಟ ವರ್ಷದಿಂದ ನಿನಗೆ ಎಷ್ಟು ಕಾಗದ ಬರೆದಿದ್ದೇನೋ, ಒಂದೂ ಹೀಗೆ ಬರಿದಾಗಿ ಶುರುವಾಗಿರಲಿಲ್ಲ.

ಸುದ್ದಿ ತಂದವನು ಹೊನ್ನಾಳಿಯ ಪಾಲಣ್ಣ. ನಿನ್ನ ರವಿಕುಮಾರ್ ಕಂಡಕ್ಟರ್ ಆಗಿದ್ದ ಹಳೇ ಖಾಸಗಿ ಬಸ್ಸಿನ ಡ್ರೈವರ್, ನಿನಗೆ ನೆನಪಿರಬೇಕು. ಅಂಗಡಿಯ ಮುಂದೆ ಬಂದು ನಿಂತು, “ನಮ್ ರವಿ ಹೋಗ್ಬಿಟ್ಟ ಕಣಮ್ಮ. ಡ್ಯೂಟಿ ಮುಗಿಸ್ಕಂಡು ಬಂದು ಚಪ್ಪಲಿ ಬಿಡಾಕೆ ಕುಂತೋನು ಏಳಲೇ ಇಲ್ಲಂತೆ” ಎಂದು ಕೌಂಟರ್ ಹಿಡಿದುಕೊಂಡು ಅತ್ತ. ಅವತ್ತಿನಿಂದ ನಿನ್ನ ಫೋನಿಗೆ ಮಾಡುತ್ತಲೇ ಇದ್ದೇನೆ. ಸ್ವಿಚ್ ಆಫ್ ಎಂದು ಹೇಳುವ ಆ ಹೆಂಗಸಿನ ದನಿ ನನಗೆ ಬಾಯಿಪಾಠವಾಗಿದೆ.

ನಾನು ಬರಲಿಲ್ಲ. ಯಾಕೆಂದು ಈಗ ಕೇಳಬೇಡ.

ಅಂಗಡಿಯಲ್ಲೇ ಇರುವ ಒಂದು ಕಾರ್ಡು ಕಳಿಸೋಣ ಎಂದು ಮೊದಲು ಅಂದುಕೊಂಡೆ. ಲಗ್ನಪತ್ರಿಕೆ ಇನ್ನೂರು ಡಿಸೈನ್ ಇವೆ. ಗೃಹಪ್ರವೇಶಕ್ಕಿವೆ, ನಾಮಕರಣಕ್ಕಿವೆ. ಸಾವಿಗೂ ಇವೆ, ಶಿವಗಣಾರಾಧನೆಯದು ಒಂದು ಥರ, ವೈಕುಂಠ ಸಮಾರಾಧನೆಯದು ಇನ್ನೊಂದು ಥರ. ಆದರೆ ಅವೆಲ್ಲ ಸತ್ತವರ ಮನೆಯವರು ಊರಿಗೆ ಹಂಚುವಂಥವು. ಸತ್ತವರ ಮನೆಗೆ ಗೆಳತಿ ಕಳಿಸುವಂಥದ್ದನ್ನು ಈ ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಹತ್ತಿರ ಕೇಳಿಲ್ಲ, ನಾನೂ ಮಾಡಿಲ್ಲ. ಹಾಗಾಗಿ ಕೈಯಲ್ಲೇ ಮಾಡಿದೆ. ಮೂರು ದಿನ ಹಿಡಿಯಿತು. ನನ್ನ ಚಿತ್ರಕಲೆ ಎಂಥದ್ದೆಂದು ನಿನಗೆ ಗೊತ್ತು; ಹಾಸ್ಟೆಲಿನಲ್ಲಿ ನಾನು ಬರೆದ ನವಿಲನ್ನು ವಾರ್ಡನ್ ಕೋಳಿ ಎಂದಿದ್ದರು. ಅದಕ್ಕೇ ಬರೆಯಲಿಲ್ಲ, ಕತ್ತರಿಸಿ ಅಂಟಿಸಿದೆ. ನೀಲಿ ಕಾಗದದ ಚೂರುಗಳು ಸೂಳೆಕೆರೆಯ ನೀರು. ಹಿಂದಿನ ಗುಡ್ಡ ಒಂದು ಲಗ್ನಪತ್ರಿಕೆಯ ಹಸಿರು ಅಂಚು. ಮೂರು ದೋಣಿಗಳನ್ನು ಯಾವುದರಿಂದ ಮಾಡಿದ್ದೇನೆಂದು ಹತ್ತಿರ ಹಿಡಿದು ನೋಡು.

ಟಿಕೆಟ್ಟುಗಳು, ಸುಚಿ. ನಾವು ಮೂವರೂ ಮೊದಲ ಸಲ ಸೂಳೆಕೆರೆಗೆ ಹೋದಾಗಿನವು. ಅವತ್ತು ರವಿಕುಮಾರ್ ಅವರಿಗೆ ರಜೆ. ಹೊನ್ನಾಳಿಯಿಂದ ಚನ್ನಗಿರಿಗೆ ಹೋಗುವ ತಮ್ಮದೇ ಬಸ್ಸು ಹತ್ತಿ, ನಮ್ಮಿಬ್ಬರ ಜೊತೆ ತಮಗೂ ಒಂದು ಟಿಕೆಟ್ ಕೊಂಡರು. ಪಾಲಣ್ಣ ಸ್ಟೇರಿಂಗ್ ಬಿಟ್ಟು ನಕ್ಕಿದ್ದ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಮ್ಮ ಟಿಕೆಟ್ಟಿನ ಹಿಂದೆ ಏನೋ ಬರೆದು, “ಇವತ್ತು ನಾನು ಕಂಡಕ್ಟರ್ ಅಲ್ಲ, ಬೇಕಾದ್ರೆ ಓದ್ಕಳ್ರಿ” ಎಂದು ನಮ್ಮ ಕೈಗೆ ಕೊಟ್ಟರು. ನೀನು ನಾಚಿ ಕಿಟಕಿ ಕಡೆ ತಿರುಗಿದೆ. ಮೂರನ್ನೂ ನಾನೇ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ. ನಿನಗೆ ಕೊಡಬೇಕು, ಕೊಡಬೇಕು ಎಂದುಕೊಂಡೇ ಇಷ್ಟು ವರ್ಷವಾಯಿತು.

ದೂರದಲ್ಲಿ ಒಂಟಿಯಾಗಿ ಹೋಗುತ್ತಿರುವ ದೋಣಿ ಅವರ ಟಿಕೆಟ್. ಅಂಚಿಗೆ ಮಾತ್ರ ಮೈದಾ ಅಂಟು ಹಚ್ಚಿದ್ದೇನೆ. ಸಾವಿನ ಕಾಗದವನ್ನು ಓದಿ ಹೊಸಿಲ ಆಚೆಯೇ ಹರಿದು ಹಾಕುತ್ತಾರೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ನಿನ್ನ ಅತ್ತೆ ಹನುಮಂತಮ್ಮನವರು ಇಂಥದ್ದರಲ್ಲಿ ಬಿಡುವವರಲ್ಲ. ಹರಿಯಲಿ. ಹರಿಯುವ ಮೊದಲು ಆ ಟಿಕೆಟ್ ಬಿಡಿಸಿಕೊಂಡುಬಿಡು.

ಅಂಗಡಿಯಲ್ಲಿ ಕಾರ್ತೀಕ ಮುಗಿದ ಮದುವೆಗಳ ಗದ್ದಲ. ಈಗಿನವರಿಗೆ ಪತ್ರಿಕೆಗೆ ಅರಿಶಿನ ಹಚ್ಚಲೂ ಪುರುಸೊತ್ತಿಲ್ಲ, ಅದನ್ನೂ ನಾವೇ ಹಚ್ಚಿಕೊಡಬೇಕು. ಬೆಳಿಗ್ಗೆಯಿಂದ ಮುನ್ನೂರು ಕವರು. ಕೈ ತೊಳೆದು ನಿನಗೆ ಬರೆಯುತ್ತಿದ್ದೇನೆ.

ಊಟ ಮಾಡು. ಬೇರೇನು ಹೇಳಬೇಕೋ ತಿಳಿಯದು.

ನಿನ್ನ
ಅರುಣಾ

---

ನ್ಯಾಮತಿ
20 ಜನವರಿ 2025

ಸುಚಿ,

ನಾನು ಕಳಿಸಿದ್ದು ತಲುಪಿತೇ? ತಲುಪಿತು ಎಂಬ ಒಂದು ಮಾತು ಸಾಕು. ದಿನಾ ಹನ್ನೊಂದಕ್ಕೆ ಪೋಸ್ಟ್‌ಮನ್ ಸೈಕಲ್ ನಮ್ಮ ಅಂಗಡಿ ದಾಟಿ ಹೋಗುತ್ತದೆ. ನಾನು ಎದ್ದು ನಿಲ್ಲುವುದನ್ನು ನೋಡಿ ಅವನೇ ದೂರದಿಂದ ಕೈಯಾಡಿಸಿಬಿಡುತ್ತಾನೆ.

ಅರುಣಾ

---

ಜಗಳೂರು
6 ಫೆಬ್ರವರಿ 2025

ಶ್ರೀಮತಿ ಅರುಣಾ ಅವರಿಗೆ,

ನೀವು ಕಳಿಸಿದ್ದು ಡಿಸೆಂಬರ್ ಏಳಕ್ಕೇ ತಲುಪಿತು. ಅತ್ತೆಯವರು ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಾರೆ.

ರಕ್ಷಾಳ ಮದುವೆ ಚೆನ್ನಾಗಿ ಆಯಿತೆಂದು ಕೇಳಿದೆ. ಮಗಳು ಗೋವಿನಕೋವಿಯಲ್ಲಿ ಸುಖವಾಗಿರಲಿ.

ಫೋನ್ ವಿಚಾರ ಕೇಳಿದ್ದೀರೆಂದು ಪಾಲಣ್ಣನವರು ತಿಳಿಸಿದರು. ದಿನಾ ಸಂಜೆ ಕೊನೇ ಟ್ರಿಪ್ ಮುಗಿದಾಗ ನಮ್ಮ ಮನೆಯವರದು ಒಂದು ರಿಂಗ್ ಬರುತ್ತಿತ್ತು. ಅನ್ನಕ್ಕಿಡು ಎಂದು ಅರ್ಥ. ಆ ರಿಂಗ್ ಬರುವುದಿಲ್ಲ ಎಂದ ಮೇಲೆ ಫೋನನ್ನು ಟ್ರಂಕಿನಲ್ಲಿ ಹಾಕಿಟ್ಟಿದ್ದೇನೆ. ಬ್ಲೌಸ್ ಹೊಲಿಸುವವರು ಮನೆಗೇ ಬರುತ್ತಾರೆ, ಅದರಿಂದ ತೊಂದರೆಯಿಲ್ಲ.

ಇಂತಿ,
ಸುಚಿತ್ರಾ ರವಿಕುಮಾರ್

---

ನ್ಯಾಮತಿ
14 ಫೆಬ್ರವರಿ 2025

ನನ್ನ ಸುಚಿ,

‘ಶ್ರೀಮತಿ ಅರುಣಾ ಅವರಿಗೆ’ ಎಂದು ನೋಡಿ ಒಂದು ಗಳಿಗೆ ಯಾವುದೋ ಬ್ಯಾಂಕಿನ ನೋಟಿಸ್ ಎಂದುಕೊಂಡೆ. ಹೋಗಲಿ, ದುಃಖದಲ್ಲಿರುವವಳು ಹೇಗೆ ಕರೆದರೂ ಕರೆದದ್ದೇ.

ಆದರೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದೀರಿ ಎಂಬುದನ್ನು ಎರಡೆರಡು ಸಲ ಓದಿದೆ. ಹೊಸಿಲ ಆಚೆ ಬೀಳುತ್ತದೆ ಎಂದುಕೊಂಡಿದ್ದೆ. ಹನುಮಂತಮ್ಮನವರ ಬಗ್ಗೆ ಏನೇನೋ ಅಂದುಕೊಂಡಿದ್ದೆ, ನನ್ನ ಪರವಾಗಿ ಅವರ ಕಾಲಿಗೆ ಬೀಳು. ಮೂರು ದಿನ ಕೂತು ನನ್ನ ಈ ಒರಟು ಕೈಯಲ್ಲಿ ಮಾಡಿದ್ದಕ್ಕೆ ಅಷ್ಟು ದೊಡ್ಡ ಜಾಗ ಸಿಕ್ಕಿತಲ್ಲ. ಈ ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ದಿನವೂ ಅದನ್ನು ನೋಡುತ್ತೀಯಾ? ನೋಡಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೇನೆಂದು ತಿಳಿ.

ನಿನ್ನ ಅರುಣಾ

---

ಜಗಳೂರು
30 ಮಾರ್ಚ್ 2025

ಅರುಣಾ,

ಉತ್ತರ ಬರೆಯಬಾರದೆಂದೇ ಇದ್ದೆ. ಇವತ್ತು ಯುಗಾದಿ. ಊರೆಲ್ಲ ಹೋಳಿಗೆ ವಾಸನೆ, ನಮ್ಮ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಸುಮ್ಮನೆ ಕೂತರೆ ನಿನ್ನ ಕಾಗದವೇ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಹೇಳಿಬಿಡುತ್ತೇನೆ.

ಮೂರು ದಿನ ಕೂತು ಮಾಡಿದೆಯಂತೆ. ಆ ಮೂರು ದಿನದಲ್ಲಿ ಒಂದು ದಿನ ಬಸ್ಸು ಹತ್ತಿ ಬಂದಿದ್ದರೆ ನನಗೆ ಯಾವ ಪತ್ರಿಕೆಯೂ ಬೇಕಾಗಿರಲಿಲ್ಲ. ಅವರನ್ನು ಎತ್ತುವಾಗ ನಾನು ಜನರ ಮಧ್ಯೆ ನಿನ್ನನ್ನೇ ಹುಡುಕಿದೆ. ಹನ್ನೊಂದನೇ ದಿನವೂ ಹುಡುಕಿದೆ. ಡಿಪೋದವರೆಲ್ಲ ಬಂದರು. ನನಗೆ ಗುರುತೇ ಇಲ್ಲದ ಪ್ಯಾಸೆಂಜರುಗಳು, ದಿನಾ ಅವರ ಬಸ್ಸಿನಲ್ಲಿ ಹೋಗುತ್ತಿದ್ದವರು, ಹೂ ತಂದು ಹಾಕಿದರು. ನೀನು ಬರಲಿಲ್ಲ. ಪಕ್ಕದಲ್ಲೇ ಇದ್ದೇನೆಂದು ತಿಳಿ ಎನ್ನುತ್ತೀಯ. ಹೇಗೆ ತಿಳಿಯಲಿ?

ಹೊಟ್ಟೆ ತುಂಬ ಊಟ ಮಾಡಿದೆ ಎಂದು ಬರೆದದ್ದು ನನಗೆ ಬಹಳ ನೋವಾಯಿತು.

ಸುಚಿತ್ರಾ

---

ನ್ಯಾಮತಿ
11 ಏಪ್ರಿಲ್ 2025

ಸುಚಿ,

ನೀನು ಬೈದದ್ದು ಸರಿ. ಕಡಿಮೆಯೇ ಆಯಿತು.

ಕಾರಣ ಕೇಳಬೇಡ ಎಂದಿದ್ದೆ, ಈಗ ಕೇಳದೆಯೇ ಹೇಳುತ್ತೇನೆ. ಪಾಲಣ್ಣ ಬಂದು ಹೇಳಿದ ಹಿಂದಿನ ದಿನ ನಮ್ಮ ಮನೆಯಲ್ಲಿ ಮದುವೆಗೆ ಅರಿಶಿನ ಕುಟ್ಟುವ ಶಾಸ್ತ್ರ ಆಗಿತ್ತು. ಅದಾದ ಮೇಲೆ ಆ ಮನೆಯವರು ಸಾವಿನ ಮನೆಗೆ ಹೋಗುವ ಹಾಗಿಲ್ಲ. ನಮ್ಮ ಯಜಮಾನರು, ಮುರುಗೇಶಪ್ಪನವರನ್ನು ನೀನು ಬಲ್ಲೆ, ಗಟ್ಟಿ ಮಾತಾಡುವವರಲ್ಲ. “ನೀನು ಹೋಗ್ತೀನಿ ಅಂದ್ರೆ ನಾನು ಕೈ ಹಿಡ್ದು ನಿಲ್ಸಲ್ಲ. ಮಗಳ ಮುಖ ಒಂದ್ಸಲ ನೋಡ್ಕಂಡು ಹೋಗು” ಎಂದರು, ಅಷ್ಟೇ.

ನೋಡಲಿಲ್ಲ. ನೋಡಿದರೆ ಹೊರಡಲಾರೆ ಎಂದು ಸೀದಾ ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದೆ. ಹೊನ್ನಾಳಿ ತನಕ ಬಂದೆ. ಅಲ್ಲಿ ಹೊಳೆ ಕಾಣಿಸಿದಾಗ, ನಾಳೆ ರಕ್ಷಾಗೆ ಏನಾದರೂ ಹೆಚ್ಚುಕಮ್ಮಿಯಾದರೆ ಇವತ್ತಿನ ಈ ಬಸ್ಸೇ ನೆನಪಾಗುತ್ತದೆ ಎಂಬ ಹೆದರಿಕೆ ಹಿಡಿಯಿತು. ಇಳಿದುಬಿಟ್ಟೆ. ಗಂಡ ತಡೆದರು, ಅತ್ತೆ ತಡೆದರು ಎಂದು ಹೇಳಿದರೆ ನನಗೆ ಸುಲಭ. ಆದರೆ ಇಳಿದದ್ದು ನಾನೇ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹಾಸ್ಟೆಲಿನಲ್ಲಿ ನಿನ್ನ ಮುಂದೆ ಎಷ್ಟು ಭಾಷಣ ಬಿಗಿದಿದ್ದೆ. ಅದನ್ನು ನೆನೆದೇ ಬರೆಯಲು ನಾಚಿಕೆಯಾಗಿತ್ತು.

ಮದುವೆ ಮುಗಿದ ಮೇಲಾದರೂ ಬರಬಹುದಿತ್ತು. ಆಗ ಯಾವ ಮುಖ ಹೊತ್ತು ಬರಲಿ ಎನ್ನಿಸಿತು. ದಿನ ಹೋದಷ್ಟೂ ಆ ಮುಖ ಇನ್ನೂ ಸಣ್ಣದಾಗುತ್ತಾ ಹೋಯಿತು. ನೀನು ಬಾ ಎಂದರೆ ನಾಳೆಯೇ ಹೊರಡುತ್ತೇನೆ. ಅನ್ನದಿದ್ದರೆ ಬರುವ ಹಕ್ಕು ನನಗಿಲ್ಲ.

ನಿನ್ನನ್ನು ನೋಡಬೇಕು ಸುಚಿ. ಅದೊಂದೇ ಆಸೆ.

ಅರುಣಾ

---

ನ್ಯಾಮತಿ
2 ಆಗಸ್ಟ್ 2025

ಸುಚಿ,

ನಾಲ್ಕು ತಿಂಗಳಾಯಿತು. ಕ್ಷಮಿಸು ಎಂದು ಕೇಳುತ್ತಿಲ್ಲ. ಒಂದು ಕಾರ್ಡಿನ ಮೇಲೆ ನಿನ್ನ ವಿಳಾಸ ಮಾತ್ರ ಬರೆದು ಹಾಕು, ನಿನ್ನ ಅಕ್ಷರ ನೋಡಿದರೆ ಸಾಕು. ಪೋಸ್ಟ್‌ಮನ್ ಈಗ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಾನೆ.

ಅರುಣಾ

---

ಜಗಳೂರು
19 ಅಕ್ಟೋಬರ್ 2025

ಅರುಣಾ,

ಅಕ್ಷರ ನೋಡಿದರೆ ಸಾಕು ಎಂದು ನೀನು ಬರೆದೆಯಲ್ಲ, ಆ ಮಾತೇ ನನ್ನನ್ನು ಇವತ್ತು ಬರೆಯಲು ಕೂರಿಸಿದೆ.

ಮುಂದಿನ ತಿಂಗಳು ಅವರ ವರ್ಷದ ಎಡೆ. ಏನೋ ಒಂದು ನೆಪದಲ್ಲಿ ಬೇಸಿಗೆಯಿಂದ ಮನೆಯೆಲ್ಲ ಹುಡುಕುತ್ತಿದ್ದೇನೆ. ಅವರ ಕೈಬರಹ ಬೇಕು ನನಗೆ. ಫೋಟೋ ಇವೆ, ಯೂನಿಫಾರಂ ಇದೆ, ಸೀಟಿ ಇದೆ. ಅವರು ಬರೆದದ್ದು ಮಾತ್ರ ಒಂದೂ ಇಲ್ಲ. ಟ್ರಿಪ್ ಶೀಟುಗಳು ಡಿಪೋಗೆ ಹೋದವು. ಟಿಕೆಟ್ ಮಷಿನ್ ಬಂದ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಮನೆಗೆ ಸಾಮಾನು ಬೇಕೆಂದರೂ ಫೋನಿನಲ್ಲೇ ಹೇಳುತ್ತಿದ್ದರು. ರೇಷನ್ ಅರ್ಜಿಯಲ್ಲಿ ಸಹಿ ಸಿಕ್ಕಿತು, ಆದರೆ ಅದು ಜೆರಾಕ್ಸ್ ಪ್ರತಿ. ಬೆರಳಿಟ್ಟರೆ ನುಣ್ಣಗೆ ಇದೆ, ಪೆನ್ನು ಒತ್ತಿದ್ದು ತಿಳಿಯುವುದಿಲ್ಲ. ಅವರ ದನಿ ಕಿವಿಯಲ್ಲಿ ದಿನಕ್ಕೊಂದಿಷ್ಟು ಕಮ್ಮಿಯಾಗುತ್ತಿದೆ ಅರುಣಾ. ಅಕ್ಷರವಾದರೂ ಉಳಿಯಲಿ ಎಂಬ ಹುಚ್ಚು. ನೀನು ಯಾವುದನ್ನೂ ಬಿಸಾಡುವವಳಲ್ಲ. ಹಳೇ ಪುಸ್ತಕದಲ್ಲಿ, ಎಲ್ಲಾದರೂ, ಅವರು ಬರೆದದ್ದು ಒಂದು ಚೂರು ಇದ್ದರೆ ಕಳಿಸುತ್ತೀಯಾ?

ನಿನ್ನ ಏಪ್ರಿಲ್ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನಿನ್ನ ಜಾಗದಲ್ಲಿ ನಾನಿದ್ದರೆ ನ್ಯಾಮತಿಯಲ್ಲೇ ಉಳಿಯುತ್ತಿದ್ದೆನೇನೋ. ನೀನು ಹೊನ್ನಾಳಿ ತನಕವಾದರೂ ಬಂದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಮಾತು ಮಾತ್ರ ಉಳಿದಿದೆ, ಅದನ್ನೂ ಹೇಳಿ ಮುಗಿಸುತ್ತೇನೆ. ಹನ್ನೊಂದನೇ ದಿನಕ್ಕೆಂದು ತಂದ ಪಾತ್ರೆಗಳನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ, ಅಷ್ಟರಲ್ಲಿ ನಿನ್ನ ಮನೆಯ ಮದುವೆ ಪತ್ರಿಕೆ ಬಂತು. ಅತ್ತೆಗೆ ಓದಲು ಬರುವುದಿಲ್ಲ, ನ್ಯಾಮತಿಯದೆಂದು ಪೋಸ್ಟ್‌ಮನ್ ಹೇಳಿದ್ದ. ಕವರಿನ ನಾಲ್ಕು ಮೂಲೆಗೂ ಅರಿಶಿನ ನೋಡಿ, “ನ್ಯಾಮತಿಯಿಂದ ಲಗ್ನಪತ್ರಿಕೆ ಬಂದೈತೆ ನೋಡವ್ವ. ಅರುಣನ ಮಗಳದೇ ಇರ್ಬೇಕು” ಎಂದು ತಂದುಕೊಟ್ಟರು. ನಾನು ಮುಟ್ಟಲಿಲ್ಲ. “ಎಲ್ಲಾದ್ರೂ ಇಡ್ರಿ” ಎಂದೆ. ಮಂಗಳದ ಕಾಗದವನ್ನು ಎಲ್ಲೆಲ್ಲೋ ಇಡಬಾರದೆಂದು ಜಗಲಿಯ ಮೇಲೆ ದೇವರ ಫೋಟೋದ ಹಿಂದೆ ಸಿಕ್ಕಿಸಿದರು. ಇವತ್ತಿಗೂ ಅದನ್ನು ಬಿಚ್ಚಿಲ್ಲ. ಮಗಳ ಮದುವೆ ಪತ್ರಿಕೆಯನ್ನು ಮೂರು ದಿನ ಕೂತು ಕೈಯಲ್ಲಿ ಮಾಡಿದ್ದೀಯ, ತಾಯಿಯ ಸಂತೋಷ ನನಗೆ ಅರ್ಥವಾಗುತ್ತದೆ. ನನಗೊಬ್ಬಳಿಗೆ ಕಳಿಸದೆ ಇರಬಹುದಿತ್ತು.

ಸುಚಿ

---

ನ್ಯಾಮತಿ
23 ಅಕ್ಟೋಬರ್ 2025
ಸ್ಪೀಡ್ ಪೋಸ್ಟ್

ಸುಚಿ,

ನಾನು ನಿನಗೆ ಮದುವೆ ಪತ್ರಿಕೆ ಕಳಿಸಿಲ್ಲ. ಮದುವೆಯ ಮಾತನ್ನೇ ನಿನಗೆ ಬರೆಯಬಾರದೆಂದು ನಮ್ಮ ಪಟ್ಟಿಯಿಂದ ನಿನ್ನ ಹೆಸರನ್ನು ನಾನೇ ತೆಗೆದಿದ್ದೆ.

ಜಗಲಿಯ ಮೇಲಿರುವುದು ರವಿಕುಮಾರ್ ಹೋದದ್ದಕ್ಕೆ ನಾನು ನಿನಗೆ ಬರೆದದ್ದು. ನಿನ್ನ ಕಾಗದ ಓದಿ ಕೌಂಟರಿನ ಮೇಲೆ ಇಟ್ಟೆ. ಆಮೇಲೆ ಒಂದು ಖಾಲಿ ಕವರ್ ತೆಗೆದು ಮುಚ್ಚಿ ನೋಡಿದೆ. ಮುಚ್ಚಿದ ಕೂಡಲೇ ಬಲಗೈ ತಾನಾಗಿ ಅರಿಶಿನದ ಬಟ್ಟಲಿಗೆ ಹೋಯಿತು, ನಾನು ಕಳಿಸದೆಯೇ ಹೋಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಅವತ್ತು ಕೈ ತೊಳೆದೇ ಬರೆದಿದ್ದೆ, ಬರೆದು ಮುಚ್ಚಿದ ಮೇಲೆ ಹಚ್ಚಿದ್ದೇನೆ. ಕಂಡವರ ಮದುವೆಯ ಮುನ್ನೂರು ಕವರಿನ ಜೊತೆ ನಿನ್ನದು ಮುನ್ನೂರ ಒಂದನೆಯದು. ಇಂಥ ತಪ್ಪು ಮಾಡಲು ನನ್ನಂಥ ಕೆಲಸದವಳೇ ಬೇಕು. ಇದರಿಂದ ಹತ್ತು ತಿಂಗಳು ನಿನ್ನನ್ನು ಅಳಿಸಿದೆ, ಅಳುವುದು ಕೇಳಿಸದೆ ನಾನು ಊಟ ಮಾಡಿದೆ ಎಂದು ಬೇರೆ ಬರೆದೆ.

ನಿನ್ನ ಫೋನು ಟ್ರಂಕಿನಲ್ಲೇ ಇದೆ, ಆದರೂ ನಾಲ್ಕು ಸಲ ಮಾಡಿದೆ. ಈಗಲೇ ಬಸ್ಸು ಹತ್ತಿದರೆ ಈ ಕಾಗದಕ್ಕಿಂತ ಮೊದಲು ನಾನೇ ತಲುಪುತ್ತೇನೆ. ಆದರೆ ಬಾ ಎಂದು ನೀನು ಇನ್ನೂ ಅಂದಿಲ್ಲ. ಅದೂ ಅಲ್ಲದೆ ಆ ಕವರನ್ನು ನೀನು ಒಬ್ಬಳೇ ಬಿಚ್ಚಬೇಕು ಎಂದು ನನ್ನ ಆಸೆ.

ನೀನು ಕೇಳಿದ್ದು ಅದರಲ್ಲೇ ಇದೆ. ದೂರದಲ್ಲಿರುವ ದೋಣಿಯನ್ನು ಮೆಲ್ಲಗೆ ಬಿಡಿಸಿ ಹಿಂದೆ ತಿರುಗಿಸು. ವರ್ಷದ ಎಡೆಗೆ ಜಗಲಿ ತೊಳೆಯುತ್ತಾರೆ, ಹಳೇ ಪತ್ರಿಕೆಗಳನ್ನೆಲ್ಲ ತೆಗೆದು ನೀರಿಗೆ ಬಿಡುತ್ತಾರೆ. ಅದೊಂದು ಹೆದರಿಕೆ ಬೆಳಿಗ್ಗೆಯಿಂದ ನನ್ನ ಎದೆ ಮೇಲೆ ಕೂತಿದೆ. ಈ ಕಾಗದವನ್ನು ಪೂರ್ತಿ ಓದಬೇಡ, ಮೊದಲು ಎದ್ದು ಹೋಗು.

ಅರುಣಾ

---

ಜಗಳೂರು
1 ನವೆಂಬರ್ 2025

ಅರುಣಾ,

ಎದ್ದು ಹೋದೆ. ಜಗಲಿ ಖಾಲಿ ಇತ್ತು.

ಸುಣ್ಣ ಬಳಿಯಲೆಂದು ಅತ್ತೆ ಹಿಂದಿನ ದಿನವೇ ಎಲ್ಲ ಇಳಿಸಿದ್ದರು. “ಹಳೇ ಪತ್ರಿಕೆಗಳೆಲ್ಲಿ ಅತ್ತೆ?” ಎಂದರೆ, “ಕೆರೆಗೆ ಬಿಡಾಕೆ ಅಂತ ಕಟ್ಟಿ ಹಿತ್ತಲಾಗೆ ಇಟ್ಟೀನಿ, ನಾಳೆ ಪಕ್ಕದ್ಮನೆ ಜುಂಜಪ್ಪ ಆ ಕಡೆ ಹೋಗ್ತಾನೆ” ಎಂದರು. ಹಿತ್ತಿಲಿಗೆ ನಾನು ಹೇಗೆ ಹೋದೆನೋ ತಿಳಿಯದು. ಬಚ್ಚಲ ಗೋಡೆಗೆ ಒಂದು ಕೈಚೀಲ ನೇತಾಡುತ್ತಿತ್ತು. ಒಳಗಿದ್ದ ಪತ್ರಿಕೆಗಳಲ್ಲಿ ನಾಲ್ಕನೆಯದು ನಿನ್ನದು.

ಅಲ್ಲೇ ಕಲ್ಲಿನ ಮೇಲೆ ಕೂತು ಬಿಚ್ಚಿದೆ. ನಿನ್ನ ಕಾಗದ ಓದಿದೆ. ನಿನ್ನ ಗುಡ್ಡ ಗುಡ್ಡದ ಹಾಗೇ ಇದೆ ಕಣೆ, ಕೋಳಿಯ ಹಾಗಿಲ್ಲ. ದೋಣಿ ಬಿಡಿಸಲು ಸೂಜಿ ತಂದೆ. ಹಿಂದೆ ಅವರ ಪೆನ್ಸಿಲ್ ಅಕ್ಷರ: ‘ರವಿಕುಮಾರ. ಈ ದಿನ ಪ್ರಯಾಣಿಕ. 17-11-96.’ ಅವರು ‘ಕ’ ಬರೆಯುತ್ತಿದ್ದ ರೀತಿ ನನಗೆ ಮರೆತೇಹೋಗಿತ್ತು. ಕೆಳಗಿನ ಸುಳಿಯನ್ನು ಬಿಗಿಯಾಗಿ ಎಳೆದಿದ್ದಾರೆ, ಕಾಗದದ ಈಚೆ ಬದಿಗೂ ಅದು ಬೆರಳಿಗೆ ಸಿಗುತ್ತದೆ. ಬೇಸಿಗೆಯಿಂದ ನಾನು ಟ್ರಂಕು, ಅಟ್ಟ, ಯೂನಿಫಾರಂ ಜೇಬು ಎಲ್ಲ ಹುಡುಕಿದೆ. ದಿನಾ ದೀಪ ಹಚ್ಚಿ ಕೈ ಮುಗಿಯುವಾಗ ಅದು ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು.

ಅಳು ಕೇಳಿ ಅತ್ತೆ ಬಂದರು. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ, ಅವರ ಮೇಲೆ ನೀನು ಬರೆದ ಮಾತನ್ನೂ ಬಿಡಲಿಲ್ಲ. ಕೇಳಿ ಆದ ಮೇಲೆ, “ಅಂದ್ರೆ ಇದು ಸಾವಿನ ಕಾಗ್ದಾನಾ?” ಎಂದರು. ಹೌದೆಂದೆ. ಕವರನ್ನು ಕೈಗೆ ತೆಗೆದುಕೊಂಡರು. ಹರಿದೇಬಿಡುತ್ತಾರೆ ಎಂದುಕೊಂಡೆ. ಅವರು ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಅವತ್ತೇ ಗೊತ್ತಾಗಿದ್ರೆ ಬಾಗ್ಲಾಗೇ ಹರ್ದು ಹಾಕ್ತಿದ್ದೆ ಕಣವ್ವ, ನಿನ್ನ ಕೈಗೂ ಕೊಡ್ತಿರ್ಲಿಲ್ಲ” ಎಂದರು. ಆಮೇಲೆ, “ಅರಿಶಿನ ಹಚ್ಚಿದ್ದನ್ನ ಹರಿಯಾಕೆ ಬರಲ್ಲ. ನನ್ ಮಗನ ಹೆಸ್ರು ಯಾವ್ದು, ಬೆಟ್ಟಿಟ್ಟು ತೋರ್ಸು” ಎಂದರು. ತೋರಿಸಿದೆ. ಅವರಿಗೆ ಓದಲು ಬರದ ಆ ಐದು ಅಕ್ಷರದ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಿದ್ದರು.

ಗೊತ್ತಾಯಿತಾ? ನೀನು ತಪ್ಪು ಮಾಡದೆ ಇದ್ದಿದ್ದರೆ ನಿನ್ನ ಕಾಗದ, ಅವರ ಅಕ್ಷರ ಎರಡೂ ಡಿಸೆಂಬರ್ ಏಳಕ್ಕೇ ಹೊಸಿಲ ಆಚೆ ಮಣ್ಣಾಗುತ್ತಿದ್ದವು. ಹತ್ತು ತಿಂಗಳು ನಿನ್ನ ಮೇಲೆ ಸಿಟ್ಟಾಗಿದ್ದೆ. ಆ ಸಿಟ್ಟನ್ನು ಈಗ ಎಲ್ಲಿ ಇಡಲಿ ಎಂದು ತೋಚುತ್ತಿಲ್ಲ.

ಸುಣ್ಣ ಒಣಗಿದ ಮೇಲೆ ಅತ್ತೆಯೇ ಅದನ್ನು ಮತ್ತೆ ಜಗಲಿಗೆ ಏರಿಸಿದರು. ಈ ಸಲ ಫೋಟೋದ ಹಿಂದೆ ಅಲ್ಲ, ಮುಂದೆ. ಆ ದೋಣಿಯ ಜಾಗ ಮಾತ್ರ ಖಾಲಿ. ಅವರ ಟಿಕೆಟ್ ನನ್ನ ಹತ್ತಿರ ಇದೆ.

ಎಡೆ ಇಪ್ಪತ್ತಮೂರಕ್ಕೆ. ನೀನು ಬಾ. ಎರಡು ದಿನ ಮುಂಚೆಯೇ ಬಾ, ಹೊನ್ನಾಳಿಯಲ್ಲಿ ಇಳಿಯಬೇಡ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕೊಡುತ್ತಾರಲ್ಲ ಸೊನ್ನೆ ಟಿಕೆಟ್, ಇಳಿದ ಕೂಡಲೇ ಅದನ್ನು ಬಿಸಾಡಿಬಿಡಬೇಡ. ಮಷಿನ್ ಅಕ್ಷರ ಬೇಗ ಅಳಿಸಿಹೋಗುತ್ತದೆ. ಅದರ ಹಿಂದೆ ನಿನ್ನ ಹೆಸರು, ತಾರೀಕು ಬರೆದು ತಾ. ಪೆನ್ಸಿಲಿನಲ್ಲಿ, ಒತ್ತಿ ಬರೆ.

ನಿನ್ನ
ಸುಚಿ